ಅರ್ಥದ ಹಿಂದೆ ಹೋದ ಪ್ರೂಫಕ್ಕ

ಮೂತ್ರಪಿಂಡದ ಮೇಲೆ ಬರೆದ ದಪ್ಪ ಪುಸ್ತಕವೊಂದನ್ನು ಪ್ರೂಫಕ್ಕ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಕಿಂತ ಹೆಚ್ಚು ಸಲ ಓದಿ ಮುಗಿಸಿದ್ದಳು. ಆದರೂ ಮೂತ್ರಪಿಂಡ ಮೈಯಲ್ಲಿ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ, ಅದನ್ನು ಬರೆದ ಡಾಕ್ಟರನ್ನೇ ಕೇಳಿ ಎನ್ನಬೇಕಿತ್ತು.

ಅದು ದಡ್ಡತನವಲ್ಲ, ಕಸುಬು. ಪುಸ್ತಕ ಅಚ್ಚಾಗುವ ಮುಂಚೆ ಹಾಳೆಗಳಲ್ಲಿರುವ ತಪ್ಪು ಹಿಡಿಯುವುದು ಅವಳ ಕೆಲಸ. ಹರೆಯದಲ್ಲಿ ಪ್ರೆಸ್ಸಿಗೆ ಸೇರಿದಾಗ, ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿಬಿಟ್ಟಿದ್ದರು: "ನೋಡು ಮಗಳೇ, ಅರ್ಥ ಅನ್ನೋದು ಜಾರುಬಂಡೆ ಇದ್ದಹಾಗೆ. ಕೂತೆಯೋ, ಸುಯ್ ಅಂತ ಪುಟದ ಕೆಳಗೆ ಹೋಗಿ ಬೀಳ್ತೀಯ. ದಾರೀಲಿರೋ ತಪ್ಪು ಒಂದೂ ಕಣ್ಣಿಗೆ ಕಾಣಲ್ಲ. ಅರ್ಥದ ಹಿಂದೆ ಹೋಗ್ಬೇಡ, ಅಕ್ಷರ ಹಿಡಿ." ಪ್ರೂಫಕ್ಕ ಹಿಡಿದಳು. ಹಿಡಿದದ್ದನ್ನು ಬಿಡದಂತೆ ಹಿಡಿದಳು. ಅವಳ ಕೈ ದಾಟಿದ ಪುಸ್ತಕದಲ್ಲಿ ತಪ್ಪು ಹುಡುಕುವುದೂ ಒಂದೇ, ತೊಳೆದಿಟ್ಟ ತಟ್ಟೆಯಲ್ಲಿ ಅನ್ನದ ಅಗುಳು ಹುಡುಕುವುದೂ ಒಂದೇ ಎಂದು ಹೆಸರಾಗಿತ್ತು. ಎಲ್ಲರ ಬಾಯಲ್ಲೂ ಅವಳು ಪ್ರೂಫಕ್ಕ; ಹುಟ್ಟಿದಾಗ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಅವಳ ಜೋಡಿ ಮೈಕಣ್ಣ. ಯಂತ್ರಗಳ ಹಜಾರದ ಹಿಂದೆ, ಕಾಗದದ ಬಂಡಲುಗಳ ಮಗ್ಗುಲಿಗೆ ಒಂದು ಗಾಜಿನ ಕೋಣೆ. ಅದರಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಲೇಖಕರು ಬರೆದುಕೊಟ್ಟ ಮೂಲ ಪ್ರತಿಯನ್ನು ಮೈಕಣ್ಣ ಗಟ್ಟಿಯಾಗಿ ಓದಬೇಕು, ಪ್ರೂಫಕ್ಕ ಅಚ್ಚಿನ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಹಿಂಬಾಲಿಸಬೇಕು. ಹೆಸರಿಗೆ ತಕ್ಕಂತೆ ಮೈಕಣ್ಣನ ಗಂಟಲು ಯಂತ್ರದ ಸದ್ದನ್ನೂ ಮೀರಿಸುವಂಥದ್ದು. ಚಿಹ್ನೆಗಳನ್ನೂ ಬಿಡದೆ ಓದುವುದು ಅವನ ಕೆಲಸದ ರೀತಿ: "ಮಗು ಅತ್ತ ಕೂಡಲೇ ಅಲ್ಪವಿರಾಮ ಎತ್ತಿಕೊಳ್ಳಬೇಕೆಂದಿಲ್ಲ ಪೂರ್ಣವಿರಾಮ." ಮನೆಯಲ್ಲಿ ಹೆಂಡತಿಯ ಜತೆ ಜಗಳವಾಡುವಾಗಲೂ ಅವನು ಕೊನೆಗೆ "ಪೂರ್ಣವಿರಾಮ" ಅನ್ನುತ್ತಾನೆಂದೂ, ಅದಕ್ಕೆ ಅವಳು "ಮುಂದಿನ ಪ್ಯಾರಾ" ಅನ್ನುತ್ತಾಳೆಂದೂ ಪ್ರೆಸ್ಸಿನಲ್ಲಿ ಸುದ್ದಿ. ಇಬ್ಬರೂ ಹೀಗೆ ಎದುರುಬದುರು ಕೂತು ಕೂದಲು ನರೆಸಿಕೊಂಡವರು. ಓದಿದ್ದರ ಬಗ್ಗೆ ಮಾತ್ರ ಒಂದು ಮಾತೂ ಆಡಿಕೊಂಡವರಲ್ಲ.

ಹೀಗಿರುವಾಗ ಪ್ರೂಫಕ್ಕ ಸಂಜೆ ಕಾಲೇಜಿಗೆ ಸೇರಿದಳು. ಅವಳು ತಿದ್ದಿಕೊಟ್ಟ ಪುಸ್ತಕ ಓದಿ ಯಾರುಯಾರೋ ಡಿಗ್ರಿ ಮಾಡಿಕೊಂಡಿದ್ದರು. ತಾನೂ ಒಂದು ಮಾಡಿಕೊಳ್ಳೋಣ ಅನ್ನಿಸಿತು. ಚರಿತ್ರೆ ಬಾಯಿಪಾಠ ಮಾಡಿ ಪಾಸಾಯಿತು, ಅರ್ಥಶಾಸ್ತ್ರವೂ ಹಾಗೇ ದಡ ಸೇರಿತು. ಕಾಲು ಜಾರಿದ್ದು ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದ ಓದಿನ ಪತ್ರಿಕೆಯಲ್ಲಿ. ಒಂದು ಲೇಖನ ಕೊಡುತ್ತಾರೆ. ಓದಿ, ಲೇಖಕರು ಏನು ಹೇಳುತ್ತಾರೆ, ಯಾವ ಆಧಾರದ ಮೇಲೆ ಹೇಳುತ್ತಾರೆ, ನೀವು ಒಪ್ಪುತ್ತೀರಾ ಎಂದು ಬರೆಯಬೇಕು, ಅಷ್ಟೇ. ಜೀವಮಾನವೆಲ್ಲ ಓದುವುದನ್ನೇ ಉಂಡು ಉಟ್ಟವಳಿಗೆ ಇದೆಂಥ ಪರೀಕ್ಷೆ ಎಂದು ನಗುನಗುತ್ತಲೇ ಹೋಗಿದ್ದಳು.

ಫಲಿತಾಂಶ ಬಂದಾಗ ಕಾಲೇಜಿನ ಮೇಡಂ ಅವಳನ್ನು ಪಕ್ಕಕ್ಕೆ ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸದಾ ನೆಗಡಿ.

"ಅಮ್ಮಾ, ನೀವು ಪ್ರಶ್ನೆಪತ್ರಿಕೆಯಲ್ಲಿ ಮೂರು ತಪ್ಪು ತಿದ್ದಿದ್ದೀರಿ. ಮೂರೂ ಸರಿ. ಪ್ರಿನ್ಸಿಪಾಲರಿಗೇ ತೋರಿಸ್ದೆ."

ಪ್ರೂಫಕ್ಕನ ಮುಖ ಅರಳಿತು.

"ಆದ್ರೆ ಉತ್ತರದ ಜಾಗದಲ್ಲಿ ಆ ಲೇಖನವನ್ನೇ ಇನ್ನೊಂದ್ಸಲ ಬರೆದಿಟ್ಟಿದ್ದೀರಲ್ಲ!"

"ಲೇಖಕರು ಏನು ಹೇಳ್ತಾರೆ ಅಂತ ಕೇಳಿದ್ರಿ. ಅವರು ಹೇಳಿದ್ದನ್ನೇ ಬರೆದೆ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ, ಬೇಕಾದ್ರೆ ನೋಡಿ."

"ನೋಡ್ದೆ, ಹೆಚ್ಚುಕಮ್ಮಿ ಏನೂ ಇಲ್ಲ," ಎಂದು ಮೇಡಂ ಮೂಗು ಒರೆಸಿಕೊಂಡರು. "ಅದರಲ್ಲಿ ಲೇಖಕರಿದ್ದಾರೆ. ನೀವೆಲ್ಲಿ?"

ತಿಂಗಳ ಕೊನೆಗೆ ಮರುಪರೀಕ್ಷೆಯಿತ್ತು. ಅದೂ ಹೋದರೆ ಮುಂದಿನ ತರಗತಿ ಇಲ್ಲ, ಇದೇ ವರ್ಷ ಮತ್ತೆ ಮೊದಲಿನಿಂದ. ಇನ್ನೊಂದು ವರ್ಷ ಪ್ರೆಸ್ಸಿನಿಂದ ಕಾಲೇಜಿಗೆ, ಕಾಲೇಜಿನಿಂದ ಒಲೆಯ ಮುಂದಕ್ಕೆ ಓಡುವ ಕಸುವು ತನ್ನ ಮಂಡಿಗಳಲ್ಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪಾಸಾದರೆ ಈಗಲೇ, ಇಲ್ಲದಿದ್ದರೆ ಇಲ್ಲ. ಮೇಡಂ ಅದೇ ಲೇಖನವನ್ನು ಕೈಗಿತ್ತು, "ಪ್ರತಿ ಪ್ಯಾರಾ ಓದಿದ್ಮೇಲೆ ಪಕ್ಕದಲ್ಲಿ ನಿಮ್ಮದೊಂದು ಮಾತು ಬರೀರಿ. ಅನುಮಾನವಾದ್ರೂ ಸರಿ, ಬೈಗುಳವಾದ್ರೂ ಸರಿ," ಎಂದು ಕಳಿಸಿಕೊಟ್ಟರು.

ಅಲ್ಲೇ ಬಂತು ಕಷ್ಟ. ಪುಟದ ಅಂಚು ಅವಳ ಪಾಲಿಗೆ ತಪ್ಪು ತೋರಿಸುವ ಜಾಗ. ಅಲ್ಲಿ ತನ್ನ ಮಾತು ಬರೆಯುವುದೆಂದರೆ ಪಕ್ಕದ ಮನೆಯವರ ಸಾರಿಗೆ ಹೋಗಿ ಉಪ್ಪು ಹಾಕಿ ಬಂದಂತೆ. ಪೆನ್ಸಿಲ್ ಹಿಡಿದರೆ ಸಾಕು, ಕಣ್ಣು ಅರ್ಥವನ್ನು ದೂರ ತಳ್ಳಿ ಅಕ್ಷರಕ್ಕೇ ಜೋತುಬೀಳುತ್ತಿತ್ತು.

ಮರುದಿನ ಊಟದ ಬಿಡುವಿನಲ್ಲಿ ಅವಳು ಆ ಹಾಳೆಯನ್ನು ಮೈಕಣ್ಣನ ಮುಂದೆ ಚಾಚಿದಳು. "ಅಣ್ಣಾ, ಇದನ್ನ ಓದಿ. ನಾನು ಪೆನ್ಸಿಲ್ ಹಿಡಿಯಲ್ಲ. ಬರೀ ಕೇಳ್ತೀನಿ."

"ಕೇಳಿ?"

"ಕೇಳಿ ಯೋಚನೆ ಮಾಡ್ತೀನಿ."

ಅವಳು ಕೆಲಸ ಬಿಡುತ್ತೇನೆ ಅಂದಿದ್ದರೂ ಮೈಕಣ್ಣ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಊಟದ ಡಬ್ಬಿ ಮುಚ್ಚಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡ. "ಮರಗಳಿರುವ ಬೀದಿಗಳಲ್ಲಿ ಜಗಳ ಕಡಿಮೆ ಎಂಬುದು ಕಂಡುಬಂದಿದೆ ಪೂರ್ಣವಿರಾಮ ಆದ್ದರಿಂದ ಅಲ್ಪವಿರಾಮ..."

"ವಿರಾಮ ಎಲ್ಲ ಬಿಟ್ಟು ಓದಿ ಅಣ್ಣಾ."

"ಬಿಟ್ಟು? ಎಲ್ಲಿ ಉಸಿರಾಡ್ಲಿ ಮತ್ತೆ?"

ಚಿಹ್ನೆ ನುಂಗಿ ಓದಲು ಹೋಗಿ ಅವನು ಎರಡು ಸಲ ಕೆಮ್ಮಿದ. ಮೂರನೆಯ ಸಲ ಸಲೀಸಾಯಿತು. ಮರವಿರುವ ಬೀದಿಗಳಲ್ಲಿ ನೆರೆಹೊರೆಯವರ ಜಗಳ ಕಡಿಮೆ; ಆದ್ದರಿಂದ ಎಲ್ಲ ಬೀದಿಗಳಲ್ಲೂ ಮರ ನೆಟ್ಟರೆ ಊರಿನಲ್ಲಿ ಶಾಂತಿ ನೆಲೆಸುತ್ತದೆ ಎಂಬುದು ಲೇಖನದ ಸಾರ. ಓದಿ ಮುಗಿಸಿದ ಮೈಕಣ್ಣ ಹಾಳೆಯನ್ನು ಕೆಳಗಿಡಲಿಲ್ಲ. ಅವನ ಹುಬ್ಬು ಗಂಟಿಕ್ಕಿತ್ತು.

"ಸುಳ್ಳು ಕಣಮ್ಮಾ. ನಮ್ಮ ಬೀದೀಲಿ ಇಷ್ಟು ದೊಡ್ಡ ಮರ ಇದೆ. ಅದರ ನೆರಳಲ್ಲೇ ಕೂತ್ಕೊಂಡು ಜಗಳ ಆಡೋದು. ಬಿಸಿಲಿದ್ದಿದ್ರೆ ಬೇಗ ಮುಗಿಸ್ತಿದ್ರು."

ಪ್ರೂಫಕ್ಕ ನಕ್ಕಳು. ನಗುತ್ತಿದ್ದಂತೆ ತಲೆಯೊಳಗೆ ಏನೋ ಅಲುಗಿತು. ತಾನು ದಿನಾ ದಾಟಿಬರುವ, ಮರಗಳ ಸಾಲಿರುವ ಬೀದಿ ಕಣ್ಣಮುಂದೆ ಬಂತು.

"ಇರಿ ಅಣ್ಣಾ. ಜಗಳ ಕಡಿಮೆ ಅನ್ನೋದು ನಿಜವೇ ಇರಬಹುದು. ಆದ್ರೆ ಮರ ಇರೋ ಬೀದೀಲಿ ಮನೆಗಳು ದೂರ ದೂರ. ಮಧ್ಯೆ ತೋಟ. ಎಲ್ಲರ ಮನೇಲೂ ಅವರವರದೇ ನಲ್ಲಿ. ಜಗಳ ಆಡೋದಕ್ಕೆ ಕಾರಣ ಬೇಕಲ್ಲ? ಕಾರಣ ಇದ್ರೂ ಕೂಗು ಕೇಳಿಸ್ಬೇಕಲ್ಲ? ಶಾಂತಿ ಮರದ್ದಲ್ಲ, ಜಾಗದ್ದು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮುಚ್ಚಿದ ಕೋಣೆಯ ಬಾಗಿಲು ಯಾರೋ ತೆರೆದಂತೆ.

ಅಲ್ಲಿಂದ ಶುರುವಾಯಿತು. ಊಟದ ಬಿಡುವಿನಲ್ಲಿ ಏನು ಸಿಕ್ಕಿದರೂ ಓದುವುದು, ವಾದ ಮಾಡುವುದು. ಔಷಧಿ ಡಬ್ಬಿಯ ಚೀಟಿ, ಹಳೆಯ ಪತ್ರಿಕೆ, ಪ್ರೆಸ್ಸಿನ ಮಾಲೀಕರೇ ಬರೆಸಿದ ಜಾಹೀರಾತು, ಯಾವುದನ್ನೂ ಬಿಡಲಿಲ್ಲ. ಮೈಕಣ್ಣ ಸಂಶಯದ ಗಿರಾಕಿ. ಬರೆದವನು ಬಾಯಿ ತೆರೆದರೆ ಸಾಕು, ಸುಳ್ಳು ಅನ್ನುವವನು. ಪ್ರೂಫಕ್ಕ ಹಾಗಲ್ಲ, ಬರೆದವರ ಪರವಾಗಿ ಇದ್ದಬದ್ದ ಮಾತನ್ನೆಲ್ಲ ಮೊದಲು ಆಡಿ, ಆಮೇಲೆ ಎಲ್ಲಿ ಜಾರಿದರು ಎಂದು ಹುಡುಕುವವಳು. ಮನೆಯಲ್ಲೂ ಇದೇ ಗಾಳಿ. ಬಡಗಿ ಗಂಡ ಪತ್ರಿಕೆ ಓದಿ ಏನಾದರೂ ಹೇಳಿದರೆ, "ಯಾರನ್ನ ಕೇಳಿ ಬರೆದ್ರಂತೆ?" ಎನ್ನತೊಡಗಿದಳು.

ಆದರೆ ಹಿರಿಯರು ಹೇಳಿದ ಜಾರುಬಂಡೆ ಸುಮ್ಮನೆ ಬಿಡುತ್ತದೆಯೇ? ರುಚಿ ಹತ್ತಿದ ಇಬ್ಬರೂ ಕೆಲಸದ ಹೊತ್ತಿನಲ್ಲೂ ಅರ್ಥದ ಹಿಂದೆ ಹೊರಟರು. ಒಂದು ದಿನ ಕೈಯಲ್ಲಿದ್ದದ್ದು ಯಾವುದೋ ಕಾರ್ಖಾನೆಯವರು ಅಚ್ಚಿಗೆ ಕೊಟ್ಟಿದ್ದ ಪ್ರಥಮ ಚಿಕಿತ್ಸೆಯ ಪುಸ್ತಿಕೆ. ಸುಟ್ಟ ಗಾಯಕ್ಕೆ ಎಷ್ಟು ಹೊತ್ತು ತಣ್ಣೀರು ಬಿಡಬೇಕು ಎಂಬಲ್ಲಿ ವಾದ ಹತ್ತಿಕೊಂಡಿತು. ವಾದ ಮುಗಿಯುವಷ್ಟರಲ್ಲಿ ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮೈಕಣ್ಣನಿಗೆ ಮರೆತುಹೋಗಿತ್ತು. ಓದಿ ಮುಗಿಸಿದ್ದ ಪ್ಯಾರಾವನ್ನೇ ಮತ್ತೆ ಓದಿದ. ಅಚ್ಚು ಜೋಡಿಸಿದವರೂ ಕಣ್ತಪ್ಪಿ ಅದೇ ಪ್ಯಾರಾವನ್ನು ಎರಡು ಸಲ ಕೂರಿಸಿದ್ದರು. ಹೀಗೆ ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳ ಸರಿಯಾಗಿ ಕೂತು, ಪ್ರೂಫಕ್ಕ ಹಾಳೆಯ ಕೆಳಗೆ ಸಹಿ ಹಾಕಿದಳು. ಪುಸ್ತಿಕೆ ಅಚ್ಚಾಗಿ, ಹೊಲಿಗೆಯಾಗಿ, ಬಂಡಲು ಕಟ್ಟಿ ಹೋಯಿತು; ಹೋದ ಹಾಗೇ ವಾಪಸು ಬಂತು.

ಮಾಲೀಕರು ಒಂದು ಪ್ರತಿ ಹಿಡಿದು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತರು. "ಒಂದೇ ಸುಟ್ಟ ಗಾಯಕ್ಕೆ ಎರಡು ಸಲ ತಣ್ಣೀರು ಬಿಡಿಸಿದ್ದೀರಲ್ಲ, ಅಕ್ಕಾ! ಪ್ರೂಫಕ್ಕ ನೋಡಿದ್ದು ಅಂತ ನಾನು ಕಣ್ಣುಮುಚ್ಚಿ ಯಂತ್ರಕ್ಕೆ ಹಾಕಿಸ್ತೀನಿ. ಇನ್ಮೇಲೆ ಕಣ್ಣು ತೆರೀಬೇಕಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮಾತು ಎದೆಗೆ ನಾಟಿತು.

ಅಂದು ಅವಳು ಕಾಲೇಜಿಗೆ ಹೋಗಲಿಲ್ಲ. ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು: "ಬಿಟ್ಬಿಡ್ತೀನಿ. ಎರಡು ದೋಣಿ ಮೇಲೆ ಕಾಲಿಡೋಕಾಗಲ್ಲ. ಅನ್ನ ಕೊಟ್ಟ ಕೆಲಸ ಕೆಡ್ತಿದೆ."

ಗಂಡ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದ. ಮರ ನೋಡಿ, ತಟ್ಟಿ, ಆಮೇಲೆ ಉಳಿ ಇಡುವವನು ಅವನು. "ಬಿಡೋದಾದ್ರೆ ಬಿಡು. ನಂಗೇನು," ಅಂದ. ಕೊನೆಯ ತುತ್ತು ಮುಗಿಸಿ, "ಮೊದಲೆಲ್ಲ ನಾನೇನಂದ್ರೂ ಹೂಂ ಅಂತಿದ್ದೆ. ಗೋಡೆ ಜತೆ ಮಾತಾಡಿದಂಗಿರೋದು. ಈಚೆಗೆ ನಂಜೊತೆ ಜಗಳ ಆಡ್ತಿದ್ದೀಯ. ಮನೇಲಿ ಇಬ್ಬರಿದ್ದೀವಿ ಅನ್ನಿಸ್ತಿತ್ತು," ಎಂದು ಕೈ ತೊಳೆಯಲು ಎದ್ದುಹೋದ. ಪ್ರೂಫಕ್ಕ ತಟ್ಟೆ ತೆಗೆಯುವುದನ್ನೂ ಮರೆತು ಕೂತಿದ್ದಳು.

ಬೆಳಿಗ್ಗೆ ಪ್ರೆಸ್ಸಿಗೆ ಹೋದಾಗ ಮೈಕಣ್ಣ ಆಗಲೇ ಬಂದು ಮೇಜು ಒರೆಸುತ್ತಿದ್ದ.

"ರಾತ್ರಿಯೆಲ್ಲ ಯೋಚಿಸ್ದೆ ಕಣಮ್ಮಾ. ಓದು ಒಂದಲ್ಲ, ಎರಡು. ನಾವು ಎರಡನ್ನೂ ಒಂದೇ ಪಾತ್ರೇಲಿಟ್ಟು ಬೇಯಿಸೋಕೆ ಹೋದ್ವಿ, ತಳ ಹಿಡೀತು. ಮೊದಲು ಮುಂದಿಂದ ಓದೋಣ, ನೆಂಟರ ಮನೆಗೆ ಹೋದ ಹಾಗೆ, ಕೂತು, ಮಾತಾಡಿ, ಜಗಳ ಆಡಿ. ಅದು ಮುಗಿದ್ಮೇಲೆ ಹಿಂದಿಂದ ಓದೋಣ. ಕೊನೇ ಪದದಿಂದ ಮೊದಲನೇ ಪದಕ್ಕೆ, ಪೊಲೀಸಿನವರ ಹಾಗೆ. ಹಿಂದಿಂದ ಓದಿದ್ರೆ ಯಾವ ಅರ್ಥ ಬಂದು ಮಾತಾಡ್ಸುತ್ತೆ, ನೋಡೋಣ!"

"ಎರಡರಷ್ಟು ಹೊತ್ತು ಬೇಕಲ್ಲ ಅಣ್ಣಾ. ಸಾರ್ ಒಪ್ತಾರಾ?"

"ನೆಂಟಸ್ತನ ಊಟದ ಹೊತ್ತಲ್ಲಿ. ಪೊಲೀಸ್ ಕೆಲಸ ಸಾರ್ ಹೊತ್ತಲ್ಲಿ."

ಹಾಗೇ ನಡೆಯಿತು; ಕಾಲೇಜು ಬಿಡುವ ಮಾತು ಮತ್ತೆ ಬರಲಿಲ್ಲ. ಉಲ್ಟಾ ಓದುವ ಮೈಕಣ್ಣನ ಗಂಟಲು ಕೇಳಿ ಯಂತ್ರದವರು ಮೊದಮೊದಲು ಹೆದರಿದರು, ಆಮೇಲೆ ಅಣಕಿಸಿದರು, ಕೊನೆಗೆ ಸುಮ್ಮನಾದರು. ಯಾವ ಪುಸ್ತಿಕೆಯೂ ವಾಪಸು ಬರಲಿಲ್ಲ. ಮಾಲೀಕರು ಒಂದು ದಿನ ಬಾಗಿಲವರೆಗೆ ಬಂದು, ಕೇಳಿ, ತಲೆ ಕೆರೆದುಕೊಂಡು ಹೊರಟುಹೋದರು. ಅವರ ಕಡೆಯಿಂದ ಅದೇ ಒಪ್ಪಿಗೆ.

ಮರುಪರೀಕ್ಷೆಯ ದಿನ ಕೊಟ್ಟ ಲೇಖನ ನೋಡಿ ಪ್ರೂಫಕ್ಕನ ಮೈ ಬಿಸಿಯಾಯಿತು. ಗಟ್ಟಿಯಾಗಿ ಓದುವುದು ಮಕ್ಕಳ ಅಭ್ಯಾಸ, ಗಂಟಲಿನಿಂದ ಓದುವವರು ತಲೆಯಿಂದ ಓದಲಾರರು, ಬೆಳೆದವರು ಮೌನವಾಗಿ ಓದಬೇಕು ಎಂದು ಯಾರೋ ಪಂಡಿತರು ಬರೆದಿದ್ದರು. ಮೈಕಣ್ಣನನ್ನೇ ಎದುರಿಗೆ ನಿಲ್ಲಿಸಿ ಬೈದಂತಿತ್ತು. ಪೆನ್ನು ತಾನಾಗಿಯೇ ಓಡಿ ನಾಲ್ಕು ಸಾಲು ಉರಿ ಕಾರಿತು. ಐದನೆಯ ಸಾಲಿಗೆ ಅವಳು ನಿಂತಳು. ಬೈಯುವುದು ಸುಲಭ, ಈ ಮನುಷ್ಯ ಹೇಳುತ್ತಿರುವುದು ನಿಜವಾಗಿ ಏನು? ಆ ನಾಲ್ಕೂ ಸಾಲುಗಳನ್ನು ಹೊಡೆದುಹಾಕಿದಳು.

ಮೊದಲು ಪಂಡಿತರ ಪಕ್ಷ ಹಿಡಿದು ಬರೆದಳು: ಗಟ್ಟಿಯಾಗಿ ಓದಿದರೆ ಓಟ ನಿಧಾನ, ನಿಜ, ಬಾಯಿ ಓದುತ್ತಿದ್ದಾಗ ಮನಸ್ಸು ಎಲ್ಲೋ ಇರಬಹುದು, ಅದೂ ನಿಜ. ಆಮೇಲೆ ಬರೆದಳು: ಆದರೆ ಒಬ್ಬರೇ ಓದುವುದನ್ನು ಮಾತ್ರ ಇವರು ಯೋಚಿಸಿದ್ದಾರೆ. ಇನ್ನೊಬ್ಬರಿಗಾಗಿ ಓದುವುದರ ಮಾತೇ ಇಲ್ಲ. ನಾನು ಕೇಳಿದ್ದರಿಂದಲೇ ಯೋಚಿಸಲು ಕಲಿತೆ. ನನಗೆ ಓದಿ ಹೇಳಿದವರಿಗೆ ಸುತ್ತಮುತ್ತ ಯಾರಿಗೂ ಇಲ್ಲದ ವಿವೇಕವಿದೆ. ಆದ್ದರಿಂದ ಗಟ್ಟಿ ಓದು ಬುದ್ಧಿಗೆ ಅಡ್ಡಿಯಲ್ಲ.

ಪಾಸಾಯಿತು. ಮೇಡಂ ಉತ್ತರಪತ್ರಿಕೆಯನ್ನು ಅವಳ ಕೈಗೇ ಕೊಟ್ಟು, "ಇವತ್ತು ನೀವು ಸಿಕ್ಕಿದ್ರಿ ಅಮ್ಮಾ," ಎಂದರು. ನೆಗಡಿಯೋ ಸಂತೋಷವೋ, ಅವರ ಕಣ್ಣಲ್ಲಿ ನೀರಿತ್ತು.

ಮರುದಿನ ಊಟದ ಬಿಡುವಿನಲ್ಲಿ ಪ್ರೂಫಕ್ಕ ಅದನ್ನು ಒಯ್ದು ಮೈಕಣ್ಣನ ಮುಂದಿಟ್ಟಳು. ಅವನು ಗಟ್ಟಿಯಾಗಿ ಓದಲಿ, ಅವನ ಬಗ್ಗೆಯೇ ಬರೆದದ್ದು ಬಂದಾಗ ಮುಖ ನೋಡಬೇಕು ಎಂದು ಕಾದು ಕೂತಳು. ಅವನು ಬಾಯಿ ಬಿಡದೆ ಓದಿದ. ಒಮ್ಮೆ ಓದಿ, ಮತ್ತೆ ಮೊದಲ ಪುಟಕ್ಕೆ ಹೋದ.

"ಚೆನ್ನಾಗಿ ಬರೆದಿದ್ದೀಯ. ಆದ್ರೆ ನಾನಿದನ್ನ ಒಪ್ಪಲ್ಲ."

"ಏನು?"

"ಇಷ್ಟು ವರ್ಷ ಗಂಟಲು ಹರ್ಕೊಂಡು ಓದಿದ್ನಲ್ಲ, ಒಂದಾದ್ರೂ ತಲೆಗೆ ಹೋಗಿತ್ತಾ? ಪಂಡಿತರು ಹೇಳಿದ್ದು ನನ್ನ ವಿಷಯದಲ್ಲಿ ಪೂರ್ತಿ ಸರಿ. ನಂಗೆ ಬುದ್ಧಿ ಬಂದಿದ್ದು ಓದಿದ್ದರಿಂದಲ್ಲ, ನೀನು ಎದುರಿಗೆ ಕೂತು ವಾದ ಮಾಡಿದ್ದರಿಂದ. ಪ್ರೀತಿಯಿಂದ ನನ್ನನ್ನ ಸಾಕ್ಷಿಗೆ ಕರೆದಿದ್ದೀಯ. ಸಾಕ್ಷಿ ಉಲ್ಟಾ ಹೇಳ್ತಾ ಇದ್ದಾನೆ, ಈಗೇನ್ಮಾಡ್ತೀಯ?"

ಪ್ರೂಫಕ್ಕ ಬರೆದದ್ದನ್ನು ಓದಿ, ಇದು ಸರಿಯಲ್ಲ ಎಂದು ಎದುರು ನಿಂತವರು ಇದುವರೆಗೆ ಯಾರೂ ಇರಲಿಲ್ಲ. ಅವಳು ಬರೆದದ್ದಾದರೂ ಎಲ್ಲಿತ್ತು? ಎದೆಯೊಳಗಿಂದ ಎದ್ದ ಖುಷಿಯನ್ನು ತೋರಗೊಡದೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಎರಡನೇ ಪುಟ ತೆಗೀರಿ ಅಣ್ಣಾ. ನಾನು 'ಕೇಳಿದ್ದರಿಂದ' ಅಂತ ಬರೆದಿದ್ದೀನಿ, 'ಓದಿದ್ದರಿಂದ' ಅಂತಲ್ಲ. ಸರಿಯಾಗಿ ಓದದೆ ಬಂದ್ಬಿಟ್ರಿ ಜಗಳಕ್ಕೆ."

"ಎಲ್ಲಿ? ತೋರಿಸು!"

ಹೊರಗೆ ಯಂತ್ರಗಳು ಮತ್ತೆ ಶುರುವಾದವು. ಊಟದ ಬಿಡುವು ಮುಗಿಯಿತು ಎಂದು ಮಾಲೀಕರು ಗಾಜಿನ ಮೇಲೆ ಬೆರಳಿನಿಂದ ತಟ್ಟಿದರು. ಒಳಗಿದ್ದವರಿಬ್ಬರಿಗೂ ಅದು ಕೇಳಿಸಲಿಲ್ಲ.