ಗರಸಿನ ದಂಡೆಯ ಅಲ್ಲಾಭಕ್ಷ

ಅಲ್ಲಾಭಕ್ಷ ಗಟ್ಟಿ ನೆಲದ ಮೇಲೂ ಓಡುವ ಬಸ್ಸಿನೊಳಗೆ ನಡೆದಂತೆ ನಡೆಯುತ್ತಿದ್ದ. ಎರಡೂ ಪಾದಗಳನ್ನು ಅಗಲಿಸಿ ಊರಿ, ಮೊಣಕಾಲನ್ನು ತುಸು ಸಡಿಲಿಸಿ, ಒಂದು ಕೈಯನ್ನು ಮೇಲಿನ ಸರಳಿಗೆ ಚಾಚಲು ಸದಾ ಸಿದ್ಧವಾಗಿಟ್ಟುಕೊಂಡು, ಈ ಭೂಮಿಯನ್ನು ನಡೆಸುವವನು ಯಾವ ತಿರುವಿನಲ್ಲಿ ಬ್ರೇಕು ಒತ್ತುತ್ತಾನೋ ಹೇಳಲಾಗದು ಎಂಬ ಅನುಮಾನದಲ್ಲಿ ಹೆಜ್ಜೆ ಹಾಕುವನು. ಮೂವತ್ತೊಂದು ವರ್ಷ ಕಲಘಟಗಿ–ಹುಬ್ಬಳ್ಳಿ ದಾರಿಯಲ್ಲಿ ಕಂಡಕ್ಟರನಾಗಿದ್ದವನಿಗೆ ನಿವೃತ್ತಿಯ ನಂತರವೂ ಆ ನಡಿಗೆ ಬಿಟ್ಟುಹೋಗಲಿಲ್ಲ. ಮುಖ ಕಾಣದಷ್ಟು ದೂರದಿಂದಲೇ, ಬದುವಿನ ಮೇಲೆ ಬರುತ್ತಿರುವವನು ಅವನೇ ಎಂದು ನಮ್ಮೂರಿನ ಯಾರಾದರೂ ಹೇಳುತ್ತಿದ್ದರು. ಕಳೆದ ಫೆಬ್ರುವರಿಯಲ್ಲಿ ಅವನು ತೀರಿಕೊಂಡ. ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ದಿನ ಈಜು ಕಲಿತವರು. ಅವನ ಬಗ್ಗೆ ಬರೆಯುವುದು ಸುಲಭವೆಂದುಕೊಂಡಿದ್ದೆ. ಸುಲಭವಾಗುತ್ತಿಲ್ಲ.

ಅವನ ಖಾಕಿ ಕೋಟಿನ ಮೊಣಕೈಗಳು ಎರಡು ಸಲ ತೇಪೆ ಕಂಡಿದ್ದವು. ಅದರ ಒಳಜೇಬಿನಲ್ಲಿ ಒಂದು ಬಾಚಣಿಗೆ, ಕಾಗದದಲ್ಲಿ ಸುತ್ತಿದ ಸಾಬೂನಿನ ತುಂಡು ಮತ್ತು ಸೀಟು ಒರೆಸುವ ಅರಿವೆ ಇರುತ್ತಿದ್ದವು. ಸ್ವಚ್ಛತೆ ಅವನಿಗೆ ಗುಣವಾಗಿರಲಿಲ್ಲ, ಚಟವಾಗಿತ್ತು. ಡಿಪೋದಲ್ಲಿ ಗುಡಿಸುವವರು ಗುಡಿಸಿಹೋದ ಬಸ್ಸನ್ನು ಇನ್ನೊಮ್ಮೆ ತಾನೇ ಗುಡಿಸಿ ಆಮೇಲೆ ಸೀಟಿ ಊದುತ್ತಿದ್ದ. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಿಟಕಿಯ ಬದಿಗೆ ಕುಳಿತ ಹೆಂಗಸೊಬ್ಬಳು ಶೇಂಗಾ ತಿಂದು ಸಿಪ್ಪೆಯನ್ನು ಕಾಲಬುಡಕ್ಕೇ ಉದುರಿಸುತ್ತಿದ್ದಳು.

“ಅಕ್ಕಾರ, ಶೇಂಗಾ ನೀವ ತಿಂದ್ರಿ. ಸಿಪ್ಪಿ ಬಸ್ಸ ತಿನ್ನಬೇಕೇನ್ರಿ?” ಎಂದು ಒಂದು ಕಾಗದ ಚಾಚಿದ.

“ತಿನ್ನಲಿ ಬಿಡಪಾ. ಹಸದೈತಿ ಅದು, ಅದಕ್ಕ ಹಿಂಗ ಹೊಗಿ ಬಿಡಾಕತ್ತೈತಿ,” ಎಂದಳು ಆಕೆ.

ಇಡೀ ಬಸ್ಸು ನಕ್ಕಿತು, ಅವನೂ ನಕ್ಕ. ಆದರೆ ಚಾಚಿದ ಕಾಗದವನ್ನು ಹಿಂದೆ ತೆಗೆಯಲಿಲ್ಲ. ಆಕೆ ಬಗ್ಗಿ ಒಂದೊಂದೇ ಸಿಪ್ಪೆಯನ್ನು ಆರಿಸಿ ಅದರಲ್ಲಿ ಹಾಕುವವರೆಗೆ ಮುಂದಿನವರಿಗೆ ಟಿಕೇಟು ಹರಿಯಲಿಲ್ಲ.

ನಮ್ಮೂರಿನ ಹಿರೇಕೆರೆಗೆ ಮೂರು ದಂಡೆಗಳು. ಒಡ್ಡಿನ ಬದಿಯಲ್ಲಿ ದನ ಮೈತೊಳೆಯುವುದು, ಊರ ಬದಿಯಲ್ಲಿ ಅರಿವೆ ಒಗೆಯುವುದು, ಮೂಡಣದ ಮೂಲೆಯಲ್ಲಿ ಈಜುವುದು. ಆ ಮೂಲೆಯಲ್ಲಿ ಕೆಸರಿರಲಿಲ್ಲ. ಕೆಂಪು ಗರಸಿನ ಸಣ್ಣಕಲ್ಲುಗಳ ನೆಲ ಮೆಲ್ಲಗೆ ಇಳಿಯುತ್ತ ಹೋಗಿ ಎದೆಮಟ್ಟದ ನೀರಿಗೆ ತಲುಪಿಸುತ್ತಿತ್ತು. ಅದಕ್ಕೇ ಆ ಮೂಲೆಗೆ ಗರಸಿನ ದಂಡೆಯೆಂದು ಹೆಸರು. ಬೇಸಿಗೆಯ ರವಿವಾರ ಅಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ನೌಕರಿಗೆ ಸೇರಿದ ಮೇಲೆ ಅಲ್ಲಾಭಕ್ಷ ತನ್ನ ವಾರದ ರಜೆಯನ್ನೆಲ್ಲ ಆ ದಂಡೆಗೆ ಕೊಟ್ಟ. ಐದು ಕಿಲೋದ ಖಾಲಿ ಎಣ್ಣೆಡಬ್ಬಿಯನ್ನು ಕಲಿಯುವವರ ಬೆನ್ನಿಗೆ ಕಟ್ಟಿ, ತಾನು ಟೊಂಕಮಟ್ಟದ ನೀರಿನಲ್ಲಿ ನಿಲ್ಲುತ್ತಿದ್ದ. ಅವನು ‘ರೈಟ್’ ಎಂದರೆ ಕೈಬೀಸಬೇಕು, ‘ಹೋಲ್ಡಾನ್’ ಎಂದರೆ ನಿಲ್ಲಬೇಕು. ಊರಿನ ಅರ್ಧ ಜನ ಹಾಗೆ ಈಜು ಕಲಿತರು. ಈಗ ಪಂಚಾಯಿತಿ ಸದಸ್ಯನಾಗಿರುವ ಹನಮಪ್ಪ ಏಳು ವರ್ಷದವನಿದ್ದಾಗ ಕಣ್ಣುಮುಚ್ಚಿ, ಅಳುತ್ತ, ಎರಡೂ ಕೈಗಳಿಂದ ನೀರನ್ನು ಬಡಿಯುತ್ತಿದ್ದ. “ಲೇ ಹನಮ್ಯಾ, ನೀರಿಗೆ ಯಾಕ ಹೊಡ್ಯಾಕತ್ತಿ? ಅದೇನ ಅಂದೈತಿ ನಿನಗ?” ಎಂದು ಅಲ್ಲಾಭಕ್ಷ ಕೇಳಿದ್ದನ್ನು ಊರು ಇಂದಿಗೂ ಹೇಳಿ ನಗುತ್ತದೆ.

ಆಮೇಲೆ ಮನೆಮನೆಗೆ ನಲ್ಲಿ ಬಂತು. ಕೆರೆಯೆಂದರೆ ತಾಯಂದಿರಿಗೆ ಹೆದರಿಕೆ ಬಂತು. ನಾನು ಸಂಶಿಯ ಹೈಸ್ಕೂಲಿನಲ್ಲಿ ಕಲಿಸುವುದನ್ನು ಮುಗಿಸಿ ಊರಿಗೆ ಮರಳಿದಾಗ ಗರಸಿನ ದಂಡೆಗೆ ಹೋಗುವವನು ಅವನೊಬ್ಬನೇ ಆಗಿದ್ದ. ಮೊಣಕಾಲಿನ ಸವೆತಕ್ಕೆ ದಿನಾ ಈಜುವುದೇ ಔಷಧವೆಂದು ಡಾಕ್ಟರು ಹೇಳಿದ್ದರು, ಹೇಳದಿದ್ದರೂ ಅವನು ಬಿಡುತ್ತಿರಲಿಲ್ಲ. ಎರಡೂ ಕಡೆಯಿಂದ ಜೊಂಡು ಬೆಳೆಯುತ್ತ ಬಂದು, ಅವನ ಕಾಲು ಬೀಳುವ ಎರಡು ಚಕ್ಕಡಿ ಅಗಲದ ನೆಲವಷ್ಟೇ ತೆರೆದುಕೊಂಡಿತ್ತು. ಅದನ್ನು ಅವನು ಬಸ್ಸಿನಂತೆಯೇ ಇಟ್ಟಿದ್ದ. ನೀರಿಗಿಳಿಯುವ ಮುಂಚೆ ಕೊಕ್ಕೆ ಕಟ್ಟಿದ ಬಿದಿರಿನ ದೋಟಿಯನ್ನು ಚಾಚಿ ತೇಲುವ ಪ್ಲಾಸ್ಟಿಕ್ಕು, ಅಂತರಗಂಗೆ, ಜೊಂಡಿನ ಬುಡದಲ್ಲಿ ಗುಪ್ಪೆಯಾದ ಕೊಳೆತ ಪಾಚಿ, ಎಲ್ಲವನ್ನೂ ಎಳೆದು ದಂಡೆಗೆ ಒಗೆಯುವನು. ಆಮೇಲೆ ಅರ್ಧ ಗಂಟೆ ಈಜುವನು. ನಾನು ಅಲ್ಲೇ ಒಂದು ಕಲ್ಲಿನ ಮೇಲೆ, ಹುಬ್ಬಳ್ಳಿಯಿಂದ ಕೊಂಡುತಂದ ಹಕ್ಕಿಗಳ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಜೊಂಡು ಬೆಳೆದಂತೆಲ್ಲ ಹಕ್ಕಿಗಳು ಬರತೊಡಗಿದ್ದವು. ನಾಲ್ಕು ವರ್ಷದಲ್ಲಿ ಐವತ್ತಾರು ಬಗೆ ಗುರುತಿಸಿದ್ದೆ. ‘ನಿನ್ನಂಥಾಂವ ಓಣಿಗೊಬ್ಬ ಇದ್ರ ಸಾಕಿತ್ತಲೇ’ ಎಂದು ಅವನ ಸ್ವಚ್ಛತೆಯನ್ನು ಹೊಗಳಿದವನೂ ನಾನೇ.

ಮೂರು ವರ್ಷದ ಹಿಂದೆ ಹನಮಪ್ಪ ಒಂದು ಯೋಜನೆ ತಂದ. ಗರಸಿನ ದಂಡೆಯ ಜೊಂಡನ್ನೆಲ್ಲ ಜೆಸಿಬಿಯಿಂದ ತೆಗೆದು, ನೀರಿನವರೆಗೆ ಸಿಮೆಂಟಿನ ಪಾವಟಿಗೆ ಕಟ್ಟುವುದು, ಊರಿನ ಮಕ್ಕಳಿಗೆ ಮತ್ತೆ ಈಜು ಕಲಿಸುವುದು, ಅದಕ್ಕೆ ‘ಅಲ್ಲಾಭಕ್ಷ ಈಜುಘಟ್ಟ’ವೆಂದು ಹೆಸರಿಡುವುದು. ಬೋರ್ಡನ್ನು ಮುಂಚಿತವಾಗಿಯೇ ಬರೆಸಿ ತಂದಿದ್ದ. ಅದರಲ್ಲಿ ಕೋಟು ತೊಟ್ಟ ಅಲ್ಲಾಭಕ್ಷನ ಫೋಟೋ ಇತ್ತು. ಮೂವತ್ತೊಂದು ವರ್ಷ ಎದೆಯ ಮೇಲೆ ಬಿಲ್ಲೆಯ ನಂಬರು ಹೊತ್ತು, ಸಾವಿರಾರು ಬಾಯಿಗಳಿಂದ ಬರೀ ‘ಕಂಡಕ್ಟರ್ರ’ ಎಂದು ಕರೆಸಿಕೊಂಡವನು ಆ ಬೋರ್ಡಿನ ಮುಂದೆ ನಿಂತು ತನ್ನ ಹೆಸರನ್ನು ಎರಡು ಸಲ ಓದಿದ್ದನ್ನು ನಾನು ಕಂಡಿದ್ದೇನೆ. ಅಷ್ಟು ಕಂಡೂ ನಾನು ಅಡ್ಡ ಮಾತಾಡಿದೆ.

“ಇಷ್ಟು ಹಕ್ಕಿ ಬಂದಾವ. ಅಲ್ಲಿ ಸಿಮೆಂಟ ಯಾಕಲೇ?” ಎಂದೆ.

“ನಿನಗೊಂದ ಬುಕ್ಕ ಸಿಕ್ಕೈತಿ ಅಂತ ಮಂದಿ ಈಸೂದ ಬಿಡಬೇಕೇನು? ನಾನೂ ಒಂದ ಪ್ರಾಣೀನ ಅದೀನಲೇ ಮಾಸ್ತರ. ನನ್ನ ಹೆಸರೂ ಬರಕೋ ಅದರಾಗ.”

ಇಪ್ಪತ್ತು ದಿನ ಅವನು ನಮ್ಮ ಮನೆಯ ಚಹಾಕ್ಕೆ ಬರಲಿಲ್ಲ. ನಾನೂ ಕಲ್ಲಿನ ಮೇಲೆ ಕೂರಲು ಹೋಗಲಿಲ್ಲ.

ಗ್ರಾಮಸಭೆ ಶಾಲೆಯ ಆವರಣದಲ್ಲಿ ಸೇರಿತು. ಅರಣ್ಯ ಇಲಾಖೆಯ ಗಾರ್ಡು ಭಾಗ್ಯಾ, ಕೆರೆಗೆ ಬರುವ ಹಕ್ಕಿಗಳನ್ನು ಎಣಿಸುತ್ತಿದ್ದ ಹುಡುಗಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ದಂಡೆಯನ್ನು ಹಾಗೆಯೇ ಬಿಡಬೇಕೆಂದು ಅವಳು ಕೊಟ್ಟ ಅರ್ಜಿಯನ್ನು ಯಾರೂ ಓದಿರಲಿಲ್ಲ. ಯೋಜನೆಯನ್ನು ಓದಿದ ಹನಮಪ್ಪ, “ಕಾಕಾ, ನೀವೊಂದ ಮಾತ ಹೂಂ ಅನ್ರಿ, ಮುಗೀತು,” ಎಂದ. ಅಲ್ಲಾಭಕ್ಷ ಎದ್ದುನಿಂತ. ಕಾಲುಗಳನ್ನು ಅಗಲಿಸಿಯೇ ನಿಂತಿದ್ದ.

“ಕಟ್ಟೂದು ಬ್ಯಾಡ,” ಎಂದ.

ಹನಮಪ್ಪ ನಕ್ಕ. “ಯಾಕ ಕಾಕಾ, ಫೋಟೋ ಚಂದ ಬಂದಿಲ್ಲೇನು?”

“ಫೋಟೋ ಚಂದ ಐತಿ. ನಾನ ಚಂದ ಇಲ್ಲ.”

ಆಮೇಲೆ ಹೇಳಿದ. ಎಂಟು ದಿನದ ಹಿಂದೆ ಎಂದಿನಂತೆ ಜೊಂಡಿನ ಬುಡದಿಂದ ಒಂದು ಪಾಚಿಯ ಗುಪ್ಪೆಯನ್ನು ದೋಟಿಯಿಂದ ಎಳೆದು ದಂಡೆಗೆ ಒಗೆದು ನೀರಿಗಿಳಿದಿದ್ದ. ಈಜಿ ಬಂದು ತಲೆ ಒರೆಸಿಕೊಳ್ಳುವಾಗ ಆ ಗುಪ್ಪೆಯ ಮೇಲೆ ಕಾಗೆಗಳು ಇಳಿದವು. ದಿನಾ ಇಳಿಯುತ್ತಿದ್ದವು, ಹುಳ ತಿನ್ನಲು ಬರುತ್ತವೆಂದು ಅವನು ತಿಳಿದಿದ್ದ. ಅವತ್ತು ಮಾತ್ರ, ಯಾಕೋ, ಕಾಗೆಗಳನ್ನು ಓಡಿಸಿ ಗುಪ್ಪೆಯನ್ನು ಕೈಯಿಂದ ಬಿಡಿಸಿ ನೋಡಿದ. ಒಳಗೆ ನಾಲ್ಕು ತತ್ತಿಗಳಿದ್ದವು. ಒಂದು ಒಡೆದಿತ್ತು. ನೀರಿನಲ್ಲಿ ಕೋಳಿಮರಿಯಷ್ಟು ದೊಡ್ಡ ಹಕ್ಕಿಯೊಂದು ಮುಳುಗುತ್ತ ಏಳುತ್ತ ಕೂಗುತ್ತಿತ್ತು. ತತ್ತಿಗಳನ್ನು ಹಾಗೇ ಮುಚ್ಚಿ, ಗುಪ್ಪೆಯನ್ನು ಎತ್ತಿ ನೀರಿನಲ್ಲಿಟ್ಟು ಜೊಂಡಿನತ್ತ ತಳ್ಳಿ, ಪಕ್ಕದ ಗೋವಿನಜೋಳದ ಹೊಲದಲ್ಲಿ ಹೊತ್ತು ಮುಳುಗುವವರೆಗೆ ಅಡಗಿ ಕುಳಿತಿದ್ದ. ಹಕ್ಕಿ ಸುತ್ತ ಬಂತು. ಹತ್ತಿ ಕೂರಲಿಲ್ಲ.

“ರಿಟೈರ್ ಆಗಿ ಎಂಟ ವರ್ಷ ಆತು. ಎಷ್ಟ ಎಳದು ಒಗದೀನೋ ಲೆಕ್ಕ ಇಲ್ಲ. ನಾ ಕಸಾ ಅಂದಕೊಂಡಿದ್ದೆ. ಅವು ಮನಿ ಇದ್ದೂವು.”

ಹಿಂದಿನ ಸಾಲಿನಿಂದ ಭಾಗ್ಯಾ ಎದ್ದು, ಅದು ಗುಳುಮುಳುಕ, ನೀರಿನ ಮೇಲೇ ಗೂಡು ಕಟ್ಟುತ್ತದೆ, ಮೇವಿಗೆ ಹೋಗುವಾಗ ಕಾಗೆಯ ಕಣ್ಣಿಗೆ ಬೀಳದಿರಲೆಂದು ತತ್ತಿಯ ಮೇಲೆ ಹಸಿ ಪಾಚಿ ಮುಚ್ಚಿ ಹೋಗುತ್ತದೆ ಎಂದು ವಿವರಿಸಿದಳು. ಅವಳು ಹೇಳಿದ್ದೆಲ್ಲ ನನ್ನ ಪುಸ್ತಕದಲ್ಲಿತ್ತು. ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಕೂಡ ಎಳೆದಿದ್ದೆ. ಅದನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ನಾಲ್ಕು ವರ್ಷ, ಹತ್ತು ಮಾರು ದೂರದಲ್ಲಿ, ಅವನು ಗೂಡುಗಳನ್ನು ಕೀಳುವುದನ್ನು ನೋಡಿದ್ದೆ. ಅವನು ಸಭೆಯಲ್ಲಿ ನನ್ನ ಕಡೆ ತಿರುಗಲಿಲ್ಲ. ಗೊತ್ತಿದ್ದೂ ಯಾಕೆ ಹೇಳಲಿಲ್ಲವೆಂದು ಮುಂದೆ ಒಮ್ಮೆಯೂ ಕೇಳಲಿಲ್ಲ.

ಹನಮಪ್ಪನಿಗೆ ನಿಜವಾಗಿ ಬೇಸರವಾಗಿತ್ತು. “ಕಾಕಾ, ಹಕ್ಕಿ ಎಲ್ಲಿ ಬೇಕಾದ್ರೂ ತತ್ತಿ ಇಡತೈತಿ. ನೀವ ಎಲ್ಲಿ ಈಸಾವ್ರು?” ಎಂದ. ಅದು ಸರಿಯಾದ ಪ್ರಶ್ನೆ. ಒಡ್ಡಿನ ಕಡೆ ನೀರು ಆಳ, ಇಳಿಯಲು ಜಾರುವ ಬಂಡೆಗಳು. ಆ ಮೊಣಕಾಲುಗಳಿಗೆ ಈ ಒಂದು ದಂಡೆ ಬಿಟ್ಟರೆ ಬೇರೆ ನೀರಿರಲಿಲ್ಲ.

“ಅರವತ್ತ ವರ್ಷ ಈಸೀನಲೇ ಹನಮ್ಯಾ. ಅದಕ್ಕ ಒಂದ ಸಲಾನೂ ಕುಂತು ಮರಿ ಮಾಡಾಕ ನಾ ಬಿಟ್ಟಿಲ್ಲ.”

ಠರಾವು ಬಿದ್ದುಹೋಯಿತು. ಗರಸಿನ ದಂಡೆಗೆ ಯಾರೂ ಇಳಿಯಬಾರದೆಂದು ಬೇರೊಂದು ಠರಾವಾಯಿತು. ಹೆಸರಿನ ಬೋರ್ಡು ಹನಮಪ್ಪನ ದನದ ಮನೆಯಲ್ಲಿ ಮಳೆಯ ಇರಿಚಲಿಗೆ ಅಡ್ಡವಾಗಿ ನಿಂತಿತು. ‘ಇರಲಿ, ಎಮ್ಮಿಗಾದ್ರೂ ನನ್ನ ಗುರುತ ಹತ್ತಿತು’ ಎಂದು ಅಲ್ಲಾಭಕ್ಷ ನಗುತ್ತಿದ್ದ. ಮರುದಿನವೇ ನಮ್ಮ ಮನೆಗೆ ಬಂದು, ಏನೂ ಆಗಿಲ್ಲವೆಂಬಂತೆ, ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೆಂದು ತಕರಾರು ತೆಗೆದ.

ನೀರಿಗಿಳಿಯುವುದನ್ನು ಬಿಟ್ಟರೂ ಬೆಳಗಿನ ಹೊತ್ತು ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ದಂಡೆಯಿಂದ ದೂರ, ರಸ್ತೆಯಿಂದ ಕೆರೆಗೆ ತಿರುಗುವಲ್ಲಿ, ಕೋಟು ತೊಟ್ಟು ನಿಲ್ಲುವನು. ಒಮ್ಮೆ ಹುಬ್ಬಳ್ಳಿಯ ಕಡೆಯಿಂದ ಕಾರಿನಲ್ಲಿ ಐದಾರು ಜನ ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಇಳಿದರು. “ಗಾಡಿ ಫುಲ್ ಐತ್ರಿ. ನಿಲ್ಲಾಕೂ ಜಾಗಾ ಇಲ್ಲ,” ಎಂದ. ಅವರು ಸುತ್ತ ನೋಡಿದರು. ಒಬ್ಬ ಮುದುಕ, ಒಂದು ಖಾಲಿ ಕೆರೆ. ‘ಯಾವ ಗಾಡೀರೀ ಅಜ್ಜಾರ?’ ಎಂದರೆ ಅವನು ಜೊಂಡಿನತ್ತ ಕೈತೋರಿಸಿದ. ಏನು ತಿಳಿಯಿತೋ, ನಗುತ್ತ ಹಿಂದಿರುಗಿದರು.

ಇದರ ಬೆಲೆಯನ್ನೂ ಹೇಳಬೇಕು. ಆರು ತಿಂಗಳಲ್ಲಿ ಅವನ ಮೊಣಕಾಲುಗಳು ಬಿಗಿದುಕೊಂಡವು. ವರ್ಷವಾಗುವಷ್ಟರಲ್ಲಿ ಕೈಗೆ ಕೋಲು ಬಂತು, ಎಲ್ಲರಂತೆ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ಎಚ್ಚರದಿಂದ ನಡೆಯತೊಡಗಿದ. ಬದುವಿನ ಮೇಲೆ ಬರುವವನು ಯಾರೆಂದು ದೂರದಿಂದ ತಿಳಿಯದಂತಾಯಿತು. ಅವನ ಹೆಂಡತಿ ಜೈತುನಬಿ ನನ್ನ ಮೇಲೆ ಸಿಟ್ಟಾದಳು. “ನಿಮ್ಮ ದೋಸ್ತಗ ಹೇಳ್ರಿ ಮಾಸ್ತರ. ಹಕ್ಕೀಗೆ ಅಷ್ಟ ದೊಡ್ಡ ಕೆರಿ ಐತಿ, ಇವರಿಗೆ ಇರೂವು ಎರಡ ಕಾಲು,” ಎಂದಳು. ನಾನು ಹೇಳಿದೆ ಕೂಡ. ಮರಿಗಳು ಹಾರಿಹೋದ ಮೇಲೆ, ಬೇಸಿಗೆಯ ಎರಡು ತಿಂಗಳಾದರೂ ಇಳಿಯಬಹುದಲ್ಲ, ಭಾಗ್ಯಾಳೂ ಬೇಡವೆನ್ನಲಾರಳು ಎಂದೆ. ಅವನು ಮೊಣಕಾಲು ತಿಕ್ಕಿಕೊಂಡ.

“ತತ್ತಿ ಕೈಯಾಗ ಬೆಚ್ಚಗಿತ್ತಲೇ, ಮಾಸ್ತರ,” ಎಂದ.

ಫೆಬ್ರುವರಿಯ ಒಂದು ಮಧ್ಯಾಹ್ನ ಎದೆನೋವು ಬಂತು. ಹುಬ್ಬಳ್ಳಿ ತಲುಪುವ ಮೊದಲೇ ಮುಗಿದಿತ್ತು. ಈಜು ಬಿಡದಿದ್ದರೆ ಇನ್ನೆರಡು ವರ್ಷ ಇರುತ್ತಿದ್ದನೋ ಏನೋ ಎಂದು ಜೈತುನಬಿ ಈಗಲೂ ಕೇಳುತ್ತಾಳೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ನಿಜವಾಗಿಯೂ ಗೊತ್ತಿಲ್ಲ.

ಈ ಮಳೆಗಾಲದಲ್ಲಿ ಕೆರೆಗೆ ಹೋಗಿದ್ದೆ. ನಾವು ನೀರಿಗಿಳಿಯುತ್ತಿದ್ದುದು ಎಲ್ಲಿ ಎಂದು ಗುರುತು ಹಿಡಿಯಲಾಗಲಿಲ್ಲ. ಜೊಂಡು ಎರಡೂ ಕಡೆಯಿಂದ ಬಂದು ಕೂಡಿಕೊಂಡಿದೆ. ಗರಸು ಕಾಣುವುದಿಲ್ಲ. ಒಳಗಿನಿಂದ ಸದ್ದು ಮಾತ್ರ ಬರುತ್ತದೆ. ನಾನು ಕಲಿತ, ಅವನು ಅರವತ್ತು ವರ್ಷ ಈಜಿದ ಜಾಗ ಇನ್ನು ನಮ್ಮದಲ್ಲ, ಅದರಲ್ಲಿ ನನಗೆ ಸಂತೋಷವೂ ಇಲ್ಲ, ತಕರಾರೂ ಇಲ್ಲ.

ತಪ್ಪೇ ಮಾಡದವರು ಪ್ರತಿ ಊರಿನಲ್ಲೂ ಬಹಳ ಮಂದಿ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ತಾವು ಎಳೆದು ಒಗೆದದ್ದನ್ನು ಎಂದೂ ಬಿಡಿಸಿ ನೋಡಿದವರಲ್ಲ. ನಮ್ಮಂಥ ಓದಿದವರು ಪುಟದ ಅಂಚಿನಲ್ಲಿ ಗೆರೆ ಎಳೆದು ನೋಡಿದೆವೆಂದುಕೊಳ್ಳುತ್ತೇವೆ. ಮೂರನೆಯ ಬಗೆಯವರು ಅಪರೂಪ. ಅವರು ತಡವಾಗಿ ನೋಡುತ್ತಾರೆ, ತಮ್ಮ ಕೈಯಿಂದಲೇ ನೋಡುತ್ತಾರೆ, ನೋಡಿದ ಮೇಲೆ ಊರೆಲ್ಲ ಕೇಳುವಂತೆ ಹೇಳಿ, ಆ ಕೈಯನ್ನು ಹಿಂದೆ ತೆಗೆದುಕೊಳ್ಳುತ್ತಾರೆ. ಅಂಥವರಿಗೆ ಯಾರೂ ಕ್ಷಮೆ ಕೊಡಬೇಕಾಗಿಲ್ಲ, ಅವರು ಕೇಳುವುದೂ ಇಲ್ಲ. ಅವರ ಜೊತೆಗಿದ್ದು ಅದನ್ನೇ ಕಂಡೂ ಕಾಣದೆ ಉಳಿದವರಿಗಷ್ಟೇ ಕ್ಷಮೆ ಬೇಕಾಗುತ್ತದೆ. ಕೊಡಬೇಕಾದವರು ಆ ಹೊತ್ತಿಗೆ ಹೋಗಿರುತ್ತಾರೆ.