ಡಬ್ಬಿಗೆ ಅರ್ಧ

ನನ್ನಕ್ಕ ವರ್ನಾಳದು ಒಂದೇ ಕಾನೂನು. ಹೋಟೆಲಿನಲ್ಲಿ ತಟ್ಟೆ ಬರುವ ಮೊದಲೇ ಖಾಲಿ ಡಬ್ಬಿ ಕೇಳಬೇಕು, ಬಾಯಿಗಿಡುವ ಮೊದಲೇ ಅರ್ಧ ಊಟ ಅದಕ್ಕೆ ತುಂಬಬೇಕು. ಒಂದು ಊಟದ ದುಡ್ಡಿಗೆ ಎರಡು ಊಟ. ನಮ್ಮ ಓಹಾಯೋದ ಹೋಟೆಲುಗಳು ಎತ್ತಿಗೆ ಹಾಕುವಷ್ಟು ಬಡಿಸುತ್ತವೆ, ನಿಜ. ಆದರೂ ಮೂವತ್ತು ವರ್ಷ, ಪ್ರತಿ ಗುರುವಾರ, ಅವಳೆದುರು ಕೂತು ನಾನು ನಾಚಿಕೆಯಿಂದ ಸತ್ತಿದ್ದೇನೆ.

ಈ ಗುರುವಾರ ಅವಳ ತಟ್ಟೆಗೆ ನಾಲ್ಕು ತುಂಡು ಕರಿದ ಕೋಳಿ ಬಂತು. ಎರಡು ಡಬ್ಬಿಗೆ ಹೋದವು. ಅಕ್ಕ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ಆಮೇಲೆ ಮತ್ತೆ ಡಬ್ಬಿ ತೆರೆದು ಇನ್ನೊಂದು ತುಂಡು ಹಾಕಿದಳು.

"ತಟ್ಟೇನೂ ಕಟ್ಟಿಸ್ಕೊಂಡು ಹೋಗೇ, ಜಿಪುಣಿ!" ಎಂದು ರೇಗಿದೆ.

ಅವಳು ನಗಲಿಲ್ಲ. ಬಡಿಸುವ ಡಾರ್ಲಾಳನ್ನು ಕರೆದಳು. "ಏನಮ್ಮಾ ಇದು? ಹದಿನಾಲ್ಕು ಡಾಲರ್ ತಗೊಂಡು ಒಂದೇ ತುಂಡು ಕೊಡ್ತೀರಲ್ಲ, ಹಗಲು ದರೋಡೇನಾ?"

ಡಾರ್ಲಾ ನನ್ನ ಮುಖ ನೋಡಿದಳು. ಅಕ್ಕನ ಕೈ ಡಬ್ಬಿಯ ಮೇಲೇ ಇತ್ತು. ತಾನೇ ತುಂಬಿದ್ದು ಅವಳಿಗೆ ನೆನಪೇ ಇರಲಿಲ್ಲ.

ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ವಾದ ಮಾಡಲಿಲ್ಲ.

"ಹೌದಕ್ಕಾ, ಮೋಸ ಮಾಡ್ತಿದ್ದಾರೆ," ಎಂದು ನನ್ನ ತಟ್ಟೆಯಲ್ಲಿ ಉಳಿದಿದ್ದ ಎರಡು ತುಂಡನ್ನೂ ಅವಳ ತಟ್ಟೆಗೆ ಹಾಕಿದೆ. "ಬಿಸಿ ಇದೆ, ತಿನ್ನು."

"ಅಬ್ಬಾ, ಇಷ್ಟೊಂದು ಯಾರು ತಿಂತಾರೆ!" ಎಂದು ಡಬ್ಬಿ ಎಳೆದುಕೊಂಡು ಎರಡನ್ನೂ ತುರುಕಿದಳು. ಮುಚ್ಚಳ ಕೂರಲಿಲ್ಲ.

"ನೋಡೇ," ಎಂದಳು, "ಡಬ್ಬೀನೂ ಚಿಕ್ಕದು ಮಾಡಿದ್ದಾರೆ, ಕಳ್ಳರು."