ಜೋಡಿ ಕಣ್ಣು

ಊರಿಗೆಲ್ಲ ಅವಳು ಒಕ್ಕಣ್ಣಿ. ಐದು ವರ್ಷದವಳಿದ್ದಾಗ ಅಪ್ಪನ ಮೇಜಿನ ಮೇಲಿದ್ದ ಕತ್ತರಿ ಎಳೆದುಕೊಂಡು ಎಡಗಣ್ಣು ಕಳೆದುಕೊಂಡಳು. ತಾಯಿ ಮೊದಲೇ ಇರಲಿಲ್ಲ. ಪಟ್ಟಿ ಬಿಚ್ಚಿದ ದಿನ ಅಪ್ಪ ಆ ಮುಖವನ್ನು ಒಮ್ಮೆ ನೋಡಿ, ಮಗುವನ್ನು ಸೋದರತ್ತೆಯ ಮನೆಯಲ್ಲಿ ಬಿಟ್ಟು, ನಾಳೆ ಬರುತ್ತೇನೆಂದು ಹೋದವನ ಪತ್ತೆಯೇ ಇಲ್ಲ. ಹೆತ್ತ ಮಗಳ ಮುಖ ನೋಡಲಾಗದ ಈ ಮಹಾರಾಯ ಮುಂದೆ ಹೊಟ್ಟೆಪಾಡಿಗೆ ಕಲಿತದ್ದೇನು ಗೊತ್ತೇ? ಕೃತಕ ಕಣ್ಣು ಮಾಡುವ ಕೆಲಸ.

ಅತ್ತೆ ಸಾಯುವ ಮುಂಚೆ ಬಾಯಿಬಿಟ್ಟು ಅವನಿರುವ ಜಾಗ ಹೇಳಿದಳು. ಒಕ್ಕಣ್ಣಿ ಅಲ್ಲಿಗೆ ಗಿರಾಕಿಯಾಗಿ ಹೋದಳು, ಬೇರೆ ಹೆಸರು ಹೇಳಿದಳು. ಆ ಕಸುಬಿನಲ್ಲಿ ಬಣ್ಣ ಹೊಂದಿಸಬೇಕಾದರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಉಳಿದ ಕಣ್ಣನ್ನೇ ನೋಡುತ್ತ ಕೃತಕ ಕಣ್ಣಿನ ಪಾಪೆ ಬರೆಯಬೇಕು. ಅಷ್ಟು ಹೊತ್ತು ನೋಡಿದವನಿಗೆ ಸ್ವಂತ ಮಗಳ ಗುರುತು ಸಿಗದೇ ಹೋದೀತೇ? ಅವಳಿಗೆ ಬೇಕಿದ್ದದ್ದು ಕಣ್ಣಲ್ಲ, ಅದೊಂದೇ.

ಕಿಟಕಿಯ ಪಕ್ಕ ಕುರ್ಚಿ, ಬಣ್ಣದ ಬಟ್ಟಲುಗಳು, ತಟ್ಟೆಯಲ್ಲಿ ಯಾರನ್ನೂ ನೋಡದ ಕಣ್ಣುಗಳು. ಅವನು ಗಿರಾಕಿಗಳ ಜತೆ ಮಾತಿನ ಮಲ್ಲ. ವರ್ಷಕ್ಕೊಮ್ಮೆ ಪಾಲಿಶ್‌ಗೆ ಬರಲೇಬೇಕು, ಇಲ್ಲದಿದ್ದರೆ ಒಳಗೆ ಹುಣ್ಣಾಗುತ್ತದೆ, ಹಾಗೆ ಬಂದು ಬಂದು ತನ್ನ ಗಿರಾಕಿಗಳೆಲ್ಲ ನೆಂಟರೇ ಆಗಿಬಿಟ್ಟಿದ್ದಾರೆ ಎಂದು ನಗುತ್ತ ಹೇಳಿದ. ವರ್ಷಕ್ಕೊಮ್ಮೆ ಎಂದರೆ ಸಾಯುವವರೆಗೂ ಬರಬಹುದು. ಅವಳ ಜೀವ ಹಿಗ್ಗಿತು.

"ಹೇಗೆ ಹೋಯ್ತಮ್ಮ ಕಣ್ಣು?"

"ಕತ್ತರಿ ಚುಚ್ಚಿ. ನಮ್ಮಪ್ಪನ ಮೇಜಿನ ಮೇಲಿತ್ತು."

ಕುಂಚ ನಿಂತಿತು. ಅವನ ದೃಷ್ಟಿ ಮೊದಲ ಸಲ ಪಾಪೆ ಬಿಟ್ಟು ಅವಳ ಹಣೆ, ಗಾಯದ ಗೆರೆ, ಗಲ್ಲದ ಮೇಲೆಲ್ಲ ಹರಿದಾಡಿತು. ಗುರುತು ಸಿಕ್ಕಿದೆಯೆಂದು ಅವಳಿಗೆ ತಿಳಿದುಹೋಯಿತು. ಅಪ್ಪಾ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮೊದಲು ಅವನೇ ಕರೆಯಲಿ ಎಂದು ನುಂಗಿಕೊಂಡು ಕಾದಳು.

ಅವನು ಕುಂಚ ಅದ್ದಿ ಮತ್ತೆ ಬರೆಯತೊಡಗಿದ.

ಸಂಜೆಗೆ ಕಣ್ಣು ಸಿದ್ಧವಾಗಿ ಗುಳಿಯಲ್ಲಿ ಕೂತಿತು. ಕೆಲಸದಲ್ಲಿ ಮಾತ್ರ ಹೆಸರಿಡುವಂತಿರಲಿಲ್ಲ. ಯಾವುದು ಹುಟ್ಟಿದ್ದು, ಯಾವುದು ಮಾಡಿದ್ದು ಎಂದು ಹೇಳಲಾಗುತ್ತಿರಲಿಲ್ಲ.

"ಪಾಲಿಶ್‌ಗೆ ಯಾವಾಗ ಬರ್ಲಿ?" ಎಂದು ಕೇಳಿದಳು.

ಅವನು ಬೆನ್ನು ತಿರುಗಿಸಿಕೊಂಡು ಬಟ್ಟಲು ತೊಳೆಯುತ್ತಿದ್ದ. "ನೀವು ಇಲ್ಲೀತನಕ ಬರೋದು ಬೇಡ. ನಿಮ್ಮ ಕಡೆ ಯಾರಾದ್ರೂ ಮಾಡ್ಕೊಡ್ತಾರೆ."

ಅವಳ ಎರಡೂ ಕಣ್ಣುಗಳಿಂದ ನೀರಿಳಿಯಿತು. ಅವನು ಹತ್ತಿ ತಂದು, ಎಡಗಡೆಯದನ್ನು ಮಾತ್ರ ಒರೆಸಿದ.

"ಹೊಸದ್ರಲ್ಲಿ ಹೀಗೆ ನೀರು ಬರುತ್ತೆ," ಎಂದ. "ನಾಳೆ ಸರಿಹೋಗುತ್ತೆ."